ಹೊಸಬೆಟ್ಟಿನ ಇಗರ್ಜಿ: ಒಂದು ಐತಿಹ್ಯದ ವಿಮರ್ಶೆ

ದಕ್ಷಿಣ ಕನ್ನಡದ ಕೊಂಕಣಿ ಕ್ರೈಸ್ತರ ಚರಿತ್ರೆಯನ್ನು ಬರೆದವರಲ್ಲಿ ಹಲವರು ಒಂದು ಸಂಗತಿಯನ್ನು ತಪ್ಪದೆ ಹೇಳುತ್ತಾರೆ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಇಪ್ಪತ್ತೇಳು ಇಗರ್ಜಿಗಳು ನೆಲಸಮವಾದುವು. ಮೂಡುಬಿದಿರೆಗೆ ಸಮೀಪದ ಹೊಸಬೆಟ್ಟಿನ ಪವಿತ್ರ ಶಿಲುಬೆಯ ಇಗರ್ಜಿ ಮಾತ್ರ ಚೌಟ ಅರಸನ ಸ್ನೇಹದಿಂದ ಉಳಿಯಿತು ಎಂಬುದೇ ಅದು. (ಆಂಗ್ಲ ಗ್ರಂಥಗಳಲ್ಲಿ ಈ ಊರು 'ಹೊಸ್ಪೆಟ್' ಎಂದಾಗಿರುವುದರಿಂದ ಹಂಪೆಯ ಬಳಿಯ ಹೊಸಪೇಟೆಯೆಂದು ಭ್ರಮಿಸುವ ಸಂಭವವುಂಟು.) ಐತಿಹ್ಯವು ಹೃದ್ಯವಾದುದು, ಜೈನ ಅರಸನೊಬ್ಬನು ವಲಸೆ ಬಂದ ಕ್ರೈಸ್ತರ ದೇವಾಲಯವನ್ನು ಕಾಯ್ದನೆಂಬುದು ಯಾರಿಗೆ ತಾನೆ ಪ್ರಿಯವಾಗದು? ಆದರೆ ಪ್ರಿಯವಾದ ಮಾತ್ರಕ್ಕೆ ಅದನ್ನು ಪರೀಕ್ಷಿಸದೆ ಬಿಡಲಾಗದು.

1763ರಲ್ಲಿ ಹೈದರಾಲಿಯು ಕೆಳದಿಯನ್ನು ಗೆದ್ದ ಬಳಿಕ ತುಳುನಾಡಿನ ಅರಸುಮನೆತನಗಳ ಅಧಿಕಾರವು ಬಹಳವಾಗಿ ಕುಗ್ಗಿತ್ತು. ಇಪ್ಪತ್ತೊಂದು ವರ್ಷಗಳ ತರುವಾಯ, ಆಂಗ್ಲರಿಗೆ ನೆರವಾದರೆಂಬ ಆರೋಪದ ಮೇಲೆ ಒಂದು ಸಮುದಾಯವನ್ನೇ ಸೆರೆಹಿಡಿಯಲು ಹೊರಟ ಸುಲ್ತಾನನ ಎದುರು ಚೌಟನ ಮಾತು ನಡೆದುದಾದರೆ, ಅದು ಸಿಂಹಾಸನದ ಬಲದಿಂದಲ್ಲ. ಭೂಮಿಯ ಬಲದಿಂದ ಎಂದು ನಮಗೆ ತೋರುತ್ತದೆ. ಗೋವೆಯಿಂದ 1560ರ ಧರ್ಮವಿಚಾರಣೆ, ಕ್ಷಾಮ, 1683ರ ಮರಾಠರ ದಾಳಿ ಮುಂತಾದ ಕಾರಣಗಳಿಂದ ಗಟ್ಟದ ಕೆಳಗಿನ ಸೀಮೆಗೆ ಬಂದ ಈ ಜನರನ್ನು ಕೆಳದಿಯ ನಾಯಕರು ಬೇಸಾಯಗಾರರೆಂದೇ ಬರಮಾಡಿಕೊಂಡಿದ್ದರು. ಒಕ್ಕಲು ಹೋದರೆ ಗದ್ದೆ ಪಾಳು ಬೀಳುತ್ತದೆ, ಗೇಣಿ ನಿಲ್ಲುತ್ತದೆ. ಸ್ನೇಹವೆಂಬ ಪದದಲ್ಲಿ ಈ ಲೆಕ್ಕವೂ ಅಡಗಿರಬಹುದಲ್ಲವೇ? ಹೀಗೆನ್ನುವುದರಿಂದ ಅರಸನ ಔದಾರ್ಯಕ್ಕೆ ಕುಂದಿಲ್ಲ.

ನಮ್ಮ ಆಕ್ಷೇಪ ಇನ್ನೊಂದಿದೆ. ಚರಿತ್ರಕಾರರು ಇಗರ್ಜಿಗಳನ್ನು ಎಣಿಸಿದಷ್ಟು ಖಚಿತವಾಗಿ ಜನರನ್ನು ಎಣಿಸಿಲ್ಲ. ಫೆಬ್ರವರಿ 24ರಂದು ಆರಂಭವಾದ ಸೆರೆಯಲ್ಲಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟವರು ಸ್ಕರಿಯ ಪ್ರಕಾರ 30,000; ಮನ್ರೋನ ಪ್ರಕಾರ 60,000. ಇಮ್ಮಡಿ ಅಂತರ! ಹೊಸಬೆಟ್ಟಿನಲ್ಲಿ ಕಟ್ಟಡ ಉಳಿಯಿತು ಸರಿ. ಅದರೊಳಗೆ ಮೊಣಕಾಲೂರುತ್ತಿದ್ದವರು ಉಳಿದರೇ? ಈ ಪ್ರಶ್ನೆಯನ್ನು ಕೇಳದ ಗ್ರಂಥವು ಗೋಡೆಯ ಚರಿತ್ರೆಯಾದೀತೇ ಹೊರತು ಸಭೆಯ ಚರಿತ್ರೆಯಾಗದು.

ಉತ್ತರವನ್ನು ಇಗರ್ಜಿಯ ಕಡತಗಳಲ್ಲಿ ಮಾತ್ರ ಹುಡುಕಿದರೆ ಸಾಲದು. 1799ರಲ್ಲಿ ಸುಲ್ತಾನನು ಮಡಿದ ಮೇಲೆ ಮರಳಿದವರ ಭೂಮಿಗಳ ಬಗ್ಗೆ ಕನ್ನಡ ಜಿಲ್ಲೆಯ ಮೊದಲ ಕಲೆಕ್ಟರನಾದ ಮನ್ರೋ ಆಜ್ಞೆಗಳನ್ನು ಹೊರಡಿಸಿದನು. ಆ ಕಾಲದ ಭೂದಾಖಲೆಗಳನ್ನೂ ಬೀಡು, ಬಸದಿ, ಗುತ್ತುಮನೆಗಳ ಕಡತಗಳನ್ನೂ ಒಟ್ಟಿಗಿಟ್ಟು ಓದುವ ಕಾರ್ಯವು ಮೂಡುಬಿದಿರೆಯಿಂದಲೇ ಮೊದಲಾಗಬೇಕಾಗಿದೆ.