ಹಾಸ್ಯ–ಭೀತಿ ಚಲನಚಿತ್ರಗಳಲ್ಲಿ ಜನಪದ ದೆವ್ವ

ಮಾಕವಳ್ಳಿಯಂಥ ಮಂಡ್ಯ ಸೀಮೆಯ ಊರುಗಳಲ್ಲಿ ‘ಗಾಳಿ ಮೆಟ್ಟಿದೆ’ ಎಂಬ ಮಾತಿನೊಳಗೆ ಭಯದೊಂದಿಗೆ ಹೇಳಲಾಗದ ಅಳಲೂ ಇರುತ್ತದೆ. ಮನೆಯಲ್ಲಿ ಬಾಯಿ ತೆರೆಯಲಾಗದ ಸೊಸೆ ದೆವ್ವದ ಹೆಸರಿನಲ್ಲಿ ಮಾತನಾಡುತ್ತಾಳೆ. ಆಗ ಊರು ಕಿವಿಗೊಡುತ್ತದೆ. ಏಷ್ಯಾದ ಇತ್ತೀಚಿನ ಹಾಸ್ಯ–ಭೀತಿ ಚಿತ್ರಗಳ ಸತ್ವವನ್ನು ಪರೀಕ್ಷಿಸಲು ಇದೇ ತಕ್ಕ ಒರೆಗಲ್ಲು.

ಥಾಯ್ಲೆಂಡಿನ ‘ಪೀ ಮಾಕ್’ (2013) ಮೇ ನಾಕ್ ಐತಿಹ್ಯವನ್ನು ನಗೆಗೆ ತಿರುಗಿಸಿದರೂ ಹೆರಿಗೆಯಲ್ಲಿ ಮಡಿದ ಹೆಂಡತಿಯ ಪ್ರೀತಿಯನ್ನು ಅಪಹಾಸ್ಯ ಮಾಡುವುದಿಲ್ಲ. ಅಲ್ಲಿ ನಗೆಗೀಡಾಗುವವರು ಅಂಜುಬುರುಕ ಗೆಳೆಯರು. ಕರ್ನಾಟಕದ ‘ನಾಳೆ ಬಾ’ ವದಂತಿಯನ್ನು ಬಳಸಿಕೊಂಡ ಹಿಂದಿಯ ‘ಸ್ತ್ರೀ’ (2018) ರಾತ್ರಿಯ ಭಯವನ್ನು ಗಂಡಸರ ಪಾಲಿಗೆ ವರ್ಗಾಯಿಸಿತು.

ಕನ್ನಡದಲ್ಲಿ ಜೆ.ಪಿ. ತುಮಿನಾಡು ನಿರ್ದೇಶಿಸಿದ ‘ಸು ಫ್ರಮ್ ಸೋ’ (2025) ಈ ಸಾಲಿನ ಗಮನಾರ್ಹ ಕೃತಿ. ಕರಾವಳಿಯ ಹಳ್ಳಿಯೊಂದರಲ್ಲಿ ಅಶೋಕನೆಂಬ ಯುವಕ ದೆವ್ವ ಹಿಡಿದವನಂತೆ ನಟಿಸುತ್ತಾನೆ; ಅದು ಸೋಮೇಶ್ವರದ ಸುಲೋಚನಾ ಎಂದು ಊರು ನಂಬುತ್ತದೆ. ದೆವ್ವವೆಂಬುದು ಒಬ್ಬನ ಸುಳ್ಳಿನಿಂದ ಹುಟ್ಟಿ ಊರಿನ ಮಾತಿನಲ್ಲಿ ಬೆಳೆಯುವ ಬಗೆಯನ್ನು ತೋರಿಸುವುದೇ ಚಿತ್ರದ ಶಕ್ತಿ. ನಂಬುವವರನ್ನು ಅದು ಕೀಳಾಗಿ ಕಾಣುವುದಿಲ್ಲ.

ಮಿತಿಯಿರುವುದೂ ಇಲ್ಲಿಯೇ. ಸುಲೋಚನಾಳ ಮಗಳು ಭಾನುವಿನ ಸಂಕಟ ಬಯಲಾದ ಮೇಲೂ ಅವಳ ಪರವಾಗಿ ದೆವ್ವವಾಗುವವನು ಗಂಡಸೇ. ಜನಪದದಲ್ಲಿ ಹೆಣ್ಣು ಸ್ವತಃ ಕಂಡುಕೊಂಡ ದನಿಯನ್ನು ಚಿತ್ರ ಎರವಲು ಪಡೆದು ಗಂಡಿಗೆ ಒಪ್ಪಿಸುತ್ತದೆ. ನಗೆ ಗೆದ್ದಿದೆ, ಆದರೆ ದೆವ್ವದ ಮಾತಿಗೆ ಮೂಲವಾದ ಅಳಲು ಹಿನ್ನೆಲೆಗೆ ಸರಿದಿದೆ.