ಆಟದಲ್ಲಿ ಅವಹಿತ್ಥ: ‘ಎ ಶಾರ್ಟ್ ಹೈಕ್’

ಅಣ್ಣಿಗೇರಿಯಂಥ ಊರುಗಳ ಸುಶಿಕ್ಷಿತ ಮನೆಗಳಲ್ಲಿ ‘ವಿಡಿಯೋ ಗೇಮ್’ ಎಂಬ ಶಬ್ದವು ಬೈಗುಳಗಳ ಸಾಲಿನಲ್ಲಿಯೇ ಸೇರಿಕೊಂಡಂತಿದೆ. ಹುಡುಗನು ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ ಅದು ಕಾರಣ. ಕಣ್ಣು ನೋಯಿಸಿಕೊಂಡರೆ ಅದು ಕಾರಣ. ಊಟಕ್ಕೆ ಕರೆದಾಗ ಓಗೊಡದಿದ್ದರೂ ಅದೇ ಕಾರಣ. ಈ ದೂರುಗಳಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಆದರೆ ದೂರುವವರಲ್ಲಿ ಎಷ್ಟು ಜನರು ಒಂದು ಆಟವನ್ನಾದರೂ ಮೊದಲಿನಿಂದ ಕಡೆಯವರೆಗೆ ಬಲ್ಲರು? ಓದದೆ ಕಾವ್ಯವನ್ನು ಹಳಿಯುವವನಿಗೆ ವಿಮರ್ಶಕನೆಂಬ ಹೆಸರು ಸಲ್ಲದಷ್ಟೆ. ಆ ನ್ಯಾಯವು ಆಟಕ್ಕೂ ಸಲ್ಲತಕ್ಕದ್ದು.

ಪ್ರಕೃತ ವಿಚಾರಕ್ಕೆ ಎತ್ತಿಕೊಂಡ ‘ಎ ಶಾರ್ಟ್ ಹೈಕ್’ ಎಂಬದು ಕೆನಡಾ ದೇಶದ ಆಡಮ್ ರಾಬಿನ್‌ಸನ್-ಯು ಎಂಬವರ ಕೃತಿ. ಇದು 2019ರಲ್ಲಿ ಕಂಪ್ಯೂಟರಿಗಾಗಿ ಪ್ರಕಟವಾಗಿ, 2020ರ ಆಗಸ್ಟಿನಲ್ಲಿ, ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಸ್ವಿಚ್ ಎಂಬ ಯಂತ್ರಕ್ಕೆ ಬಂದಿತು. ಆ ಯಂತ್ರವನ್ನು ಮಾಡುವ ಕ್ಯೋಟೋ ನಗರದ ಸಂಸ್ಥೆಯು 1889ರಲ್ಲಿ ಜಪಾನೀ ಇಸ್ಪೀಟೆಲೆಗಳನ್ನು ಮಾಡಿ ಮಾರುವ ಅಂಗಡಿಯಾಗಿ ಹುಟ್ಟಿದುದು. (ಇಸ್ಪೀಟಿನ ಹೆಸರು ಕೇಳಿದ ಕೂಡಲೆ ಹಿರಿಯರ ಹುಬ್ಬು ಗಂಟಿಕ್ಕುವದು ಸ್ವಾಭಾವಿಕ!) ಗ್ರಂಥಕರ್ತರು ಬೇರೊಂದು ದೊಡ್ಡ ಆಟವನ್ನು ಕಟ್ಟುತ್ತಿದ್ದವರು ಅದನ್ನು ಬದಿಗಿಟ್ಟು ಕೆಲವೇ ತಿಂಗಳುಗಳಲ್ಲಿ ಇದನ್ನು ರಚಿಸಿದರು. ಎರಡು ಮೂರು ತಾಸುಗಳಲ್ಲಿ ಮುಗಿಯತಕ್ಕ ಈ ಕಿರುಕೃತಿಯು 2020ರಲ್ಲಿ ಅಮೇರಿಕೆಯ ಸ್ವತಂತ್ರ ಆಟಗಳ ಉತ್ಸವದ ಅಗ್ರಬಹುಮಾನವನ್ನು ಪಡೆಯಿತು.

ಕಥಾವಸ್ತುವು ಅತ್ಯಲ್ಪವಾದುದು. ಕ್ಲೇರ್ ಎಂಬ ಎಳೆಯ ಹಕ್ಕಿಯು ದ್ವೀಪವೊಂದರ ರಕ್ಷಿತ ವನದಲ್ಲಿ, ವನಪಾಲಕಿಯಾದ ಮೇ ಎಂಬ ಬಂಧುವಿನ ಮನೆಗೆ ಬಂದಿದೆ. ಮೂಲದ ‘ಆಂಟ್’ ಎಂಬ ಶಬ್ದವು ಆಕೆ ಚಿಕ್ಕಮ್ಮಳೋ ಸೋದರತ್ತೆಯೋ ಎಂಬದನ್ನು ಹೇಳುವದಿಲ್ಲ. ಇಂಗ್ಲಿಷಿಗೆ ಆ ಚಿಂತೆಯಿಲ್ಲ. ಕನ್ನಡದಲ್ಲಿ ಕಥೆ ಹೇಳುವವನು ಮಾತ್ರ ಆರಿಸಲೇಬೇಕಾಗುವದರಿಂದ, ಕಥೆಯ ಮುಂದಿನ ಗತಿಯನ್ನು ನೋಡಿ ಚಿಕ್ಕಮ್ಮಳೆಂದೇ ಇಟ್ಟುಕೊಳ್ಳುವದು ಒಳ್ಳೆಯದು. ಕ್ಲೇರ್ ಒಂದು ಫೋನಿನ ಕರೆಗಾಗಿ ಕಾಯುತ್ತಿದ್ದಾಳೆ. ಆದರೆ ಆ ದ್ವೀಪದಲ್ಲಿ ಫೋನಿಗೆ ಸಿಗ್ನಲು ಸಿಗುವದು ‘ಹಾಕ್ ಪೀಕ್’ ಎಂಬ ಶಿಖರದ ಮೇಲೆ ಮಾತ್ರ. ಆದುದರಿಂದ ಏರಬೇಕು. ಇಷ್ಟೇ ಕಥೆ. ಯಾರ ಕರೆ, ಏತಕ್ಕಾಗಿ ಎಂಬದನ್ನು ಆರಂಭದಲ್ಲಿ ಯಾರೂ ಹೇಳುವದಿಲ್ಲ.

ಏರುವದಕ್ಕೆ ಬಂಗಾರದ ಗರಿಗಳು ಬೇಕು. ಒಂದೊಂದು ಗರಿಯಿಂದ ಗಾಳಿಯಲ್ಲಿ ಒಂದೊಂದು ಹಾರಿಕೆ ಹೆಚ್ಚುವದು, ಬಂಡೆಯನ್ನು ಹಿಡಿದೇರುವ ಕಸುವೂ ಹೆಚ್ಚುವದು. ಗರಿಗಳು ದ್ವೀಪದ ಮೂಲೆಮೂಲೆಗಳಲ್ಲಿ ಅಡಗಿರುವದರಿಂದ ಆಡುವವನು ನೇರದ ದಾರಿಯನ್ನು ಬಿಟ್ಟು ಅಡ್ಡದಾರಿಗಳನ್ನು ಹಿಡಿಯುತ್ತಾನೆ. ಅಲ್ಲಿ ಓಟಗಾರ ಮೊಲವೊಂದು ತನ್ನ ತಲೆಪಟ್ಟಿಯನ್ನು ಕಳೆದುಕೊಂಡಿದೆ. ಚಿತ್ರಕಾರನೊಬ್ಬನಿಗೆ ಯಾವ ನೋಟವೂ ಮನಸ್ಸಿಗೆ ಒಪ್ಪದೆ ಜಾಗ ಬದಲಿಸುತ್ತಲೇ ಇದ್ದಾನೆ. ಮಗುವೊಂದು 15 ಚಿಪ್ಪುಗಳನ್ನು ಆರಿಸಿ ತರಲು ಕೇಳುತ್ತದೆ. ಮೀನು ಹಿಡಿಯಬಹುದು, ದಂಡೆಯ ಮೇಲೆ ಚೆಂಡಾಡಬಹುದು. ಮಾರ್ಕ್ ಸ್ಪಾರ್ಲಿಂಗ್ ಅವರ ಸಂಗೀತವು ಸ್ಥಳಕ್ಕೆ ತಕ್ಕಂತೆ ದನಿಗೂಡಿಸುತ್ತ ಬೆನ್ನಿಗೇ ಬರುವದು. ಕಾಲು ಜಾರಿದರೆ ಸಾವಿಲ್ಲ, ದಂಡವಿಲ್ಲ. ರೆಕ್ಕೆ ಬಿಚ್ಚಿದರೆ ತೇಲುತ್ತ ಇಳಿಯಬಹುದು. ಎರೆಹೊಲದ ಸಮನೆಲವನ್ನಷ್ಟೇ ಕಂಡ ಹುಡುಗನಿಗೆ ಈ ಏರಿಳಿತವೇ ಒಂದು ಅದ್ಭುತ.

ಸೋಲಿಲ್ಲದುದು ಆಟವೇ ಅಲ್ಲವೆಂದು ಕೆಲವರ ಆಕ್ಷೇಪ. ಮುಖ್ಯಕಥೆಯನ್ನು ಮರೆಸುವ ಅಲೆದಾಟವು ರಚನಾದೋಷವೆಂದು ಮತ್ತೆ ಕೆಲವರದು. ಎರಡನೆಯದೇ ತೂಕವುಳ್ಳದ್ದು. ಆದರೆ ಅಲೆದಾಟವೆಲ್ಲ ದೋಷವಲ್ಲ. ತಾಯಿಯ ಕಡೆಯಿಂದ ಅಣ್ಣಿಗೇರಿಯವನೇ ಆದ ಪಂಪನು ವಿಕ್ರಮಾರ್ಜುನವಿಜಯದಲ್ಲಿ ಅರ್ಜುನನ ಯಾತ್ರೆಯ ನಡುವೆ ಬನವಾಸಿಯನ್ನು ವರ್ಣಿಸತೊಡಗಿದಾಗ, ಕಥೆಯು ಎಲ್ಲಿ ನಿಂತಿತೆಂದು ಯಾವ ಸಹೃದಯನೂ ಗೊಣಗುವದಿಲ್ಲ. ಈ ಆಟದಲ್ಲಿಯಾದರೋ ಅಲೆದಾಟಕ್ಕೆ ಬೇರೊಂದು ಅರ್ಥವೇ ಉಂಟು. ಅದನ್ನು ತೋರಿಸುವದಕ್ಕೆ ಕಥೆಯ ಗುಟ್ಟನ್ನು ಒಡೆಯದೆ ಗತ್ಯಂತರವಿಲ್ಲ.

ಶಿಖರದ ಸಮೀಪದಲ್ಲಿ ಚಳಿಗೆ ಗರಿಗಳು ಹೆಪ್ಪುಗಟ್ಟುತ್ತವೆ. ಹೇಗೋ ತುದಿಯನ್ನು ಮುಟ್ಟಿ ಕುಳಿತಾಗ ಫೋನು ಕೂಗುತ್ತದೆ. ಮಾತಾಡುವವಳು ತಾಯಿ. ಆಕೆಗೆ ಶಸ್ತ್ರಚಿಕಿತ್ಸೆಯಾಗಿದೆ, ಸುಸೂತ್ರವಾಗಿ ಆಗಿದೆ. ಮಗಳು ಇಷ್ಟು ಹೊತ್ತು ಎದೆಯಲ್ಲಿ ಹೊತ್ತುಕೊಂಡು ತಿರುಗಿದ್ದು ಈ ಭಯವನ್ನು!

ಭರತಮುನಿಯು ಎಣಿಸಿದ 33 ವ್ಯಭಿಚಾರಿಭಾವಗಳಲ್ಲಿ ‘ಅವಹಿತ್ಥ’ವೆಂಬದೊಂದು. ಒಳಗಿನ ಭಾವವು ಹೊರಗೆ ಕಾಣದಂತೆ ಬೇರೊಂದು ಕೆಲಸದಲ್ಲಿ ತೊಡಗಿದವರಂತೆ ತೋರುವದು ಅದರ ಲಕ್ಷಣ. ಕುಮಾರಸಂಭವದ 6ನೆಯ ಸರ್ಗದಲ್ಲಿ ಋಷಿಗಳು ಹಿಮವಂತನೊಡನೆ ಮದುವೆಯ ಮಾತನ್ನಾಡುತ್ತಿರುವಾಗ ಪಕ್ಕದಲ್ಲಿದ್ದ ಪಾರ್ವತಿಯು ತಾವರೆಯ ಎಸಳುಗಳನ್ನು ಎಣಿಸತೊಡಗುವದು ಪ್ರಸಿದ್ಧವಾಗಿದೆ. ಆನಂದವರ್ಧನನು ಧ್ವನ್ಯಾಲೋಕದಲ್ಲಿ ಆ ಸ್ಥಳವನ್ನೇ ಉದಾಹರಿಸಿದನು. ಅಲ್ಲಿ ಮುಚ್ಚಿದ್ದು ಲಜ್ಜೆ, ಇಲ್ಲಿ ಮುಚ್ಚಿದ್ದು ಶಂಕೆ. ಅಲ್ಲಿ ಎಸಳು, ಇಲ್ಲಿ ಚಿಪ್ಪು. ಭೇದವೊಂದೇ, ಆದರೆ ಅದು ದೊಡ್ಡದು. ಪಾರ್ವತಿಯು ಎಣಿಸುವದನ್ನು ಓದುಗನು ದೂರದಿಂದ ನೋಡುತ್ತಾನೆ. ಚಿಪ್ಪುಗಳನ್ನಾದರೋ ಆಡುವವನು ತನ್ನ ಬೆರಳುಗಳಿಂದಲೇ ಎಣಿಸಿದ್ದಾನೆ. ಶಿಖರಕ್ಕೆ ಹೋಗುವದನ್ನು ಗಳಿಗೆಗಳಿಗೆಗೆ ಮುಂದೂಡಿದವನು ಅವನೇ. ಕೇಳಬೇಕಾದ ಸುದ್ದಿಯಿಂದ ಮನಸ್ಸು ಹೇಗೆ ನುಣುಚಿಕೊಳ್ಳುವದೆಂಬದನ್ನು ಅವನು ಅರಿಯದೆಯೇ ಅಭಿನಯಿಸಿದ್ದಾನೆ. ಅರಿವಾಗುವದು ಕರೆ ಬಂದ ಮೇಲೆ. ಆಸ್ಪತ್ರೆಯ ಹೊರಸಾಲೆಯಲ್ಲಿ ಕುಳಿತು ಗೋಡೆಯ ಮೇಲಿನ ಫಲಕವನ್ನು ಹತ್ತು ಸಲ ಓದಿದವರಿಗೆ ಇದು ಹೊಸ ಮಾತಲ್ಲ. ಸಹೃದಯನನ್ನೇ ಅನುಭಾವಕ್ಕೆ ಆಶ್ರಯವನ್ನಾಗಿ ಮಾಡುವ ಈ ಶಕ್ತಿಯು ಶ್ರವ್ಯಕ್ಕೂ ಇಲ್ಲ, ದೃಶ್ಯಕ್ಕೂ ಇಲ್ಲ. ಆಟಕ್ಕೆ ಮಾತ್ರ ಉಂಟು.

ದೋಷಗಳಿಲ್ಲವೆಂದಲ್ಲ. ಗರಿಗಳಲ್ಲಿ ಕೆಲವನ್ನು ನಾಣ್ಯ ಕೊಟ್ಟು ಕೊಳ್ಳುವಂತೆ ಮಾಡಿದ್ದರಿಂದ ಬೆಟ್ಟದ ಗಾಳಿಯಲ್ಲಿ ಪೇಟೆಯ ವಾಸನೆ ಬೆರೆತಿದೆ. ಕರೆಯ ನೆನಪನ್ನು ನಡುವೆ ಒಂದೆರಡು ಕಡೆಯಾದರೂ ಇನ್ನಷ್ಟು ಸೂಚಿಸಿದ್ದರೆ, ಅವಸರದಿಂದ ಆಡುವವರಿಗೂ ಧ್ವನಿಯು ತಪ್ಪುತ್ತಿರಲಿಲ್ಲ. ಪಾತ್ರಗಳ ಸಂಭಾಷಣೆಯು ಕನ್ನಡದಲ್ಲಿಲ್ಲ. ಇಂಗ್ಲಿಷಿನಲ್ಲಿ ಅದು ಹರೆಯದವರ ಚುಟುಕು ಹರಟೆಯಾಗಿದ್ದು, ಪಾಠಪುಸ್ತಕದ ಇಂಗ್ಲಿಷನ್ನಷ್ಟೇ ಬಲ್ಲ ಹುಡುಗರಿಗೆ ಅದರ ಹಾಸ್ಯದ ಅರೆಪಾಲು ಸಿಕ್ಕದು. ಮನೆಯ ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತು ಅರ್ಥ ಹೇಳಬೇಕಾಗುವದು.

ಕರೆ ಮುಗಿದ ಮೇಲೆ ಶಿಖರದಿಂದ ಮೇಲ್ಮುಖವಾದ ಗಾಳಿಯೊಂದು ಏಳುತ್ತದೆ. ಕ್ಲೇರ್ ಅದರಲ್ಲಿ ರೆಕ್ಕೆ ಬಿಚ್ಚುತ್ತಾಳೆ. ತಾಸುಗಟ್ಟಲೆ ಏರಿದ ಬಂಡೆಗಳು, ಕಾಡು, ದಂಡೆ ಎಲ್ಲವೂ ಒಮ್ಮೆಗೇ ಕೆಳಗೆ ಕಾಣುತ್ತವೆ. ಚಿಕ್ಕಮ್ಮಳ ಮನೆಗೆ ಇಳಿಯಬಹುದು. ಇಲ್ಲವೆ, ಉಳಿದ ಚಿಪ್ಪುಗಳನ್ನು ಹುಡುಕಲು ದಂಡೆಯ ಕಡೆಗೆ ತಿರುಗಬಹುದು.