ಉಸಿರು ಎತ್ತಿದ ಕೈ

ಶಿವಮೊಗ್ಗದ ತುಂಗೆಯ ದಂಡೆಯಲ್ಲಿ, ಕೋರ್ಪಲಯ್ಯನ ಛತ್ರದ ಮಂಟಪ ಕಣ್ಣಿಗೆ ಬೀಳುವ ಮೆಟ್ಟಿಲೊಂದರ ಮೇಲೆ, ಮಾಗಿಯ ಮಂಜು ಇನ್ನೂ ಕರಗದ ಹೊತ್ತಿನಲ್ಲಿ ನಿಂತು, ಹೊಕ್ಕುಳ ಮುಂದೆ ಬೆರಳುಗಳನ್ನು ಹೆಣೆದು, ಅವನ್ನು ಎದೆಯವರೆಗೆ ತಂದು, ಅಂಗೈಗಳನ್ನು ಮಗುಚಿ, ಆಕಾಶವನ್ನು ಹೊತ್ತವನಂತೆ ಮೇಲಕ್ಕೆ ಚಾಚುವುದು ನನ್ನ ನಿತ್ಯದ ಅಭ್ಯಾಸ. ಚೀನೀಯರ ಚೀಗಾಂಗ್ ವಿದ್ಯೆಯಲ್ಲಿ ಬಾದುವಾಂಜಿನ್ ಎಂಬ ಎಂಟು ಚಲನೆಗಳ ಮಾಲಿಕೆ ಪ್ರಸಿದ್ಧವಾದುದು. ಅದರಲ್ಲಿ ಇದು ಮೊದಲನೆಯದು. ನೋಡಿದವರಿಗೆ ಮೈಮುರಿದಂತೆ ಕಾಣುವುದೇನೋ ನಿಜ. ಆದರೆ ಮೈಮುರಿಯುವಾಗ ಕೈಯನ್ನೆತ್ತುವುದು ಸ್ನಾಯು, ಇಲ್ಲಿ ಎತ್ತಬೇಕಾದುದು ಉಸಿರು.

ಚೀಗಾಂಗ್ ಎಂಬ ಹೆಸರು ಇಂದಿನ ವ್ಯಾಪಕಾರ್ಥದಲ್ಲಿ ರೂಢಿಗೆ ಬಂದುದು 1950ರ ದಶಕದಿಂದೀಚೆಗಾದರೂ, ವಿದ್ಯೆ ಅತಿ ಪ್ರಾಚೀನ. ಕ್ರಿಸ್ತಪೂರ್ವ 168ರಲ್ಲಿ ಮುಚ್ಚಲ್ಪಟ್ಟು 1973ರಲ್ಲಿ ಅಗೆಯಲ್ಪಟ್ಟ ಚೀನದ ಮಾವಾಂಗ್‌ದುಯಿಯ ಗೋರಿಯೊಂದರಲ್ಲಿ, ಬಾಗುವ, ಚಾಚುವ, ತಿರುಗುವ 44 ಮಾನವಾಕೃತಿಗಳನ್ನು ಬರೆದ ರೇಷ್ಮೆಯ ಪಟ ದೊರೆಯಿತು. ನಮ್ಮ ಪ್ರಾಣವೂ ಅವರ 'ಚೀ'ಯೂ ಒಂದೇ ಎಂದು ಅವಸರದಿಂದ ಹೇಳುವವರೊಡನೆ ನನಗೆ ಸಮ್ಮತಿಯಿಲ್ಲ. ಹಠಯೋಗಿಯ ಪ್ರಾಣ ಇಡಾ ಪಿಂಗಳಾ ನಾಡಿಗಳನ್ನು ಬಿಟ್ಟು ಸುಷುಮ್ನೆಯಲ್ಲಿ ಮೇಲೇರಿ ಅಲ್ಲಿಯೇ ಲಯವಾಗಬಯಸುತ್ತದೆ. ಚೀನೀ ಸಾಧಕನದು ಬೆನ್ನಹುರಿಯ ಗುಂಟ ಏರಿ, ನೆತ್ತಿಯನ್ನು ಬಳಸಿ, ಎದೆಯ ಮುಂಭಾಗದಿಂದ ಇಳಿದು, ಹೊಕ್ಕುಳ ಕೆಳಗಣ ನೆಲೆಗೆ ಮರಳುತ್ತದೆ. ಒಂದು ಆರೋಹಣ, ಇನ್ನೊಂದು ಪ್ರದಕ್ಷಿಣೆ. ಹಾಗೆಂದು ಇದು ನಮಗೆ ಪರಕೀಯವೂ ಅಲ್ಲ: ಷಟ್‌ಸ್ಥಲಗಳಲ್ಲಿ ನಾಲ್ಕನೆಯದನ್ನು ಪ್ರಾಣಲಿಂಗಿಸ್ಥಲವೆಂದು ಕರೆದ ಶರಣ ಪರಂಪರೆಯ ಅಲ್ಲಮಪ್ರಭುವಿನ ಬಳ್ಳಿಗಾವೆ ಇದೇ ಜಿಲ್ಲೆಯದು.

ನನ್ನ ಮೊದಲ ಪಾಠ ಮಾತ್ರ ನದಿಯದಾಗಿರಲಿಲ್ಲ, ಬೆಂಕಿಯದಾಗಿತ್ತು. ಹಿಂದೆ ಬೆಂಕಿಪುರವೆನಿಸಿದ್ದ ಭದ್ರಾವತಿಯಲ್ಲಿ, 1923ರಲ್ಲಿ ಮಲೆನಾಡಿನ ಕಾಡಿನ ಇದ್ದಿಲಿನಿಂದಲೇ ಅದಿರನ್ನು ಕರಗಿಸಲಾರಂಭಿಸಿದ ಕಬ್ಬಿಣದ ಕಾರ್ಖಾನೆಯ ಊರಿನಲ್ಲಿ, ಯೌವನದಲ್ಲಿ ನಾನು ಕಲಿತದ್ದು ಭಸ್ತ್ರಿಕಾ ಪ್ರಾಣಾಯಾಮ. ಭಸ್ತ್ರಿಕೆಯೆಂದರೆ ಕಮ್ಮಾರನ ತಿದಿ. ಕುಲುಮೆಗೆ ಗಾಳಿಯೂದುವಂತೆ ಬಿರುಸಾಗಿ ಊದಿದೆ. ಕಲಿಸಿದವರು ಇನ್ನಷ್ಟು ಬಿರುಸು ಬೇಕೆಂದರು. ಕೆಲವು ತಿಂಗಳಲ್ಲಿ ಕಪೋಲ ಬಿಸಿಯಾಗಿ, ತಲೆ ಸುತ್ತಿ, ಗೋಡೆ ಹಿಡಿದು ಕುಳಿತುಕೊಳ್ಳುವಂತಾಯಿತು. ದೋಷ ಭಸ್ತ್ರಿಕೆಯದಲ್ಲ, ಬಲವನ್ನೇ ಸಾಧನೆಯೆಂದು ನಂಬಿದ ನಮ್ಮಿಬ್ಬರದು.

ಮಳೆಗಾಲದಲ್ಲಿ ಆ ಮಂಟಪ ಮುಳುಗಿತೆಂದರೆ ತುಂಗೆ ತುಂಬಿದಳೆಂದು ಶಿವಮೊಗ್ಗದ ಜನ ನೋಡಲು ನೆರೆಯುತ್ತಾರೆ. ನಾನು ಕಲಿತದ್ದು ಚಳಿಗಾಲದ ತುಂಗೆಯಿಂದ: ನೀರು ಕಲ್ಲನ್ನು ತಳ್ಳುವುದಿಲ್ಲ, ಬಳಸಿಕೊಂಡು ಮುಂದೆ ಸಾಗುತ್ತದೆ. ಭುಜ ಸಡಿಲಿಸಿ, ಮೊಣಕಾಲನ್ನು ತುಸುವೇ ಮಡಿಸಿ, ಒಳಗೆಳೆಯುವ ಉಸಿರಾದ ಪೂರಕದೊಡನೆ ಕೈ ಏರಿ ಹೊರಬಿಡುವ ಉಸಿರಾದ ರೇಚಕದೊಡನೆ ಇಳಿಯುವಂತೆ ಹತ್ತಾರು ಆವೃತ್ತಿ ಮಾಡಿದ ಮೇಲೆ, ತಣ್ಣಗಿದ್ದ ಬೆರಳ ತುದಿಗಳು ಮೊದಲು ಜುಮ್ಮೆನ್ನುತ್ತವೆ, ಬಳಿಕ ಬೆಚ್ಚಗಾಗುತ್ತವೆ, ಕೊನೆಗೆ ಅಂಗೈಯ ನಡುವೆ ನಾಡಿಯ ಬಡಿತವೇ ಕೇಳಿಸಿದಂತಾಗುತ್ತದೆ. ದೀರ್ಘ ರೇಚಕದಿಂದ ಮನಸ್ಸು ತಣಿದು, ಚರ್ಮದ ರಕ್ತನಾಳಗಳು ಅರಳಿ, ಬೆರಳಿಗೆ ರಕ್ತ ಧಾರಾಳವಾಗಿ ಹರಿದುದರ ಫಲ ಇದೆಂದು ವೈದ್ಯಶಾಸ್ತ್ರಜ್ಞರು ಹೇಳಿದರೆ ನಾನು ಒಪ್ಪುವೆ. ಅದರಿಂದ ಆ ಉಷ್ಣದ ಸುಖ ಕಡಮೆಯಾಗುವುದಿಲ್ಲ.

ಓದುಗರು ಎಂಟು ಚಲನೆಗಳಿಗೂ ಒಮ್ಮೆಗೇ ಕೈಹಾಕದೆ, ಈ ಮೊದಲನೆಯದೊಂದನ್ನೇ ಒಂದು ತಿಂಗಳ ಕಾಲ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಉಸಿರನ್ನು ಎಲ್ಲಿಯೂ ಬಿಗಿಹಿಡಿಯದೆ ಮಾಡಿ ನೋಡಬೇಕೆಂದು ಕೋರುವೆನು. ಉಸಿರಿಗಿಂತ ಮೊದಲೇ ಕೈ ನೆತ್ತಿಯ ಮೇಲಕ್ಕೆ ತಲುಪಿದರೆ, ಮತ್ತೆ ಹೊಕ್ಕುಳಿಂದಲೇ ಆರಂಭಿಸಿರಿ.